ರಕ್ತದಲ್ಲಿನ ಸ್ವಪ್ರತಿಕಾಯಗಳೂ ಸಾವಿನ ಲೆಕ್ಕಾಚಾರವೂ

ನಮಸ್ಕಾರ. ರೋಗಾಣುಗಳನ್ನು ಹಿಡಿಯಬೇಕಾದ ಪ್ರತಿಕಾಯಗಳು ನಮ್ಮ ದೇಹದ ಅಂಶಗಳಿಗೇ ಅಂಟಿಕೊಂಡಾಗ ಅವನ್ನು ಸ್ವಪ್ರತಿಕಾಯಗಳು ಎಂದು ಕರೆಯುತ್ತಾರೆ. ವೈದ್ಯರ ಬಾಯಲ್ಲಿ ಆಟೋಆಂಟಿಬಾಡಿಗಳು. ಇವು ರಕ್ತದಲ್ಲಿ ಕಂಡರೆ ಸಾವಿನ ಅಪಾಯವನ್ನು ಮುಂಚಿತವಾಗಿ ಹೇಳಬಹುದೇ? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಆ ಪ್ರತಿಕಾಯ ದೇಹದ ಯಾವ ಕೆಲಸವನ್ನು ಕೆಡಿಸುತ್ತಿದೆ ಎಂದು ಗೊತ್ತಾಗುವವರೆಗೆ ಅಂಥ ವರದಿಗೆ ಹೆಚ್ಚಿನ ಬೆಲೆಯಿಲ್ಲ.

ಎಎನ್‌ಎ ಪರೀಕ್ಷೆಯನ್ನೇ ನೋಡಿ; ಕೋಶಕೇಂದ್ರದ ಅಂಶಗಳಿಗೆ ಅಂಟುವ ಸ್ವಪ್ರತಿಕಾಯಗಳನ್ನು ಇದು ಹುಡುಕುತ್ತದೆ. ಸೀರಮ್ಮನ್ನು, ಅಂದರೆ ರಕ್ತದ ತಿಳಿಭಾಗವನ್ನು, ಹಂತಹಂತವಾಗಿ ತೆಳುವಾಗಿಸಿ, ಗಾಜಿನ ಸ್ಲೈಡಿನ ಮೇಲಿರುವ ಮಾನವ ಜೀವಕೋಶಗಳ ಮೇಲೆ ಹಾಕಿ, ಹೊಳೆಯುವ ಬಣ್ಣ ಸೇರಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಪ್ರತಿಕಾಯ ಅಂಟಿದ ಕೋಶಕೇಂದ್ರಗಳು ಹಸಿರಾಗಿ ಬೆಳಗುತ್ತವೆ. ಎಷ್ಟು ತೆಳುವಾಗಿಸುವವರೆಗೆ ಆ ಹೊಳಪು ಉಳಿಯುತ್ತದೆ ಎಂಬುದೇ ವರದಿಯಲ್ಲಿ 1:40, 1:160 ಎಂದು ಅಚ್ಚಾಗುವ ಅಂಕಿ. 1997ರಲ್ಲಿ ಹಲವು ದೇಶಗಳ ಪ್ರಯೋಗಾಲಯಗಳು ಸೇರಿ ನಡೆಸಿದ ಅಧ್ಯಯನದಲ್ಲಿ, ಆರೋಗ್ಯವಂತರ ಪೈಕಿಯೇ ಸುಮಾರು ಶೇ. 32 ಮಂದಿ 1:40ರಲ್ಲಿ, ಶೇ. 5 ಮಂದಿ 1:160ರಲ್ಲಿ ಪಾಸಿಟಿವ್ ಆಗಿದ್ದರು. ಯಾವ ಲಕ್ಷಣವೂ ಇಲ್ಲದವರಿಗೆ ಈ ಪರೀಕ್ಷೆ ಬರೆದುಕೊಟ್ಟು, ಆಮೇಲೆ ‘ಹೆದರಬೇಡಿ’ ಎಂದು ಸಮಾಧಾನ ಹೇಳುವುದರಲ್ಲಿ ಅರ್ಥವಿಲ್ಲ.

ರುಮಟಾಯ್ಡ್ ಫ್ಯಾಕ್ಟರ್‌ನ ಸಂಗತಿ ತುಸು ತೊಡಕಿನದು; ಇದು ರುಮಟಾಯ್ಡ್ ಕೀಲುವಾತದ ರೋಗಿಗಳಲ್ಲಿ ಹೆಚ್ಚಾಗಿ ಕಾಣುವ ಸ್ವಪ್ರತಿಕಾಯ. ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಸಾವಿರಾರು ಜನರನ್ನು ದೀರ್ಘಕಾಲ ಗಮನಿಸಿದಾಗ, ಈ ಅಂಶವಿದ್ದವರಲ್ಲಿ, ಕೀಲುನೋವು ಇಲ್ಲದವರಲ್ಲಿ ಸಹ, ಸಾವಿನ ಪ್ರಮಾಣ ಹೆಚ್ಚಿತ್ತು. ಆದರೆ ವಯಸ್ಸು, ಧೂಮಪಾನ, ಹೆಪಟೈಟಿಸ್ ಸಿಯಂಥ ದೀರ್ಘಕಾಲದ ಸೋಂಕು, ಇವೆಲ್ಲವೂ ಈ ಫ್ಯಾಕ್ಟರನ್ನು ಏರಿಸಬಲ್ಲವು. ಅಂಕಿಅಂಶಗಳಲ್ಲಿ ಇವನ್ನು ಎಷ್ಟೇ ಸರಿದೂಗಿಸಿದರೂ, ಇದು ಅಪರಾಧಿಯೋ ಬರೀ ಸಾಕ್ಷಿಯೋ ಎಂಬ ಅನುಮಾನ ಪೂರ್ತಿ ಹೋಗುವುದಿಲ್ಲ.

ಇಂಟರ್‌ಫೆರಾನ್ ವಿರೋಧಿ ಪ್ರತಿಕಾಯಗಳ ವಿಷಯದಲ್ಲಿ ಮಾತ್ರ ನನ್ನ ಸಂದೇಹ ಕರಗುತ್ತದೆ. ವೈರಸ್ ಹೊಕ್ಕ ಕೂಡಲೇ ಜೀವಕೋಶಗಳು ಹೊರಡಿಸುವ ಮೊದಲ ಎಚ್ಚರಿಕೆಯೇ ಟೈಪ್ 1 ಇಂಟರ್‌ಫೆರಾನ್. 2020ರಲ್ಲಿ ಸಂಶೋಧಕರಾದ ಪಾಲ್ ಬಾಸ್ಟಾರ್ಡ್, ಜಾನ್-ಲೋರಾನ್ ಕಸನೋವಾ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಕಾರ, ಪ್ರಾಣಾಪಾಯದ ಕೋವಿಡ್ ನ್ಯುಮೋನಿಯಾಕ್ಕೆ ತುತ್ತಾದ 987 ಮಂದಿಯಲ್ಲಿ 101 ಮಂದಿಯ ರಕ್ತದಲ್ಲಿ ಆ ಎಚ್ಚರಿಕೆಯನ್ನು ಅಡಗಿಸುವ ಪ್ರತಿಕಾಯಗಳಿದ್ದವು. ಸೌಮ್ಯ ಸೋಂಕಿನ ಅಥವಾ ಲಕ್ಷಣವೇ ಇಲ್ಲದ 663 ಮಂದಿಯಲ್ಲಿ ಒಬ್ಬರಲ್ಲೂ ಇರಲಿಲ್ಲ. ಸೋಂಕಿಗೆ ಮೊದಲೇ ತೆಗೆದಿಟ್ಟಿದ್ದ ಕೆಲವರ ರಕ್ತದಲ್ಲಿ ಸಹ ಅವು ಸಿಕ್ಕವು, ಅಂದರೆ ಅವು ರೋಗದ ಫಲವಾಗಿ ಹುಟ್ಟಿದವಲ್ಲ. ಎಪ್ಪತ್ತು ದಾಟಿದವರಲ್ಲಿ ಇವುಗಳ ಪ್ರಮಾಣ ಏರುತ್ತದೆ ಎಂದು ಮರುವರ್ಷದ ಸಂಶೋಧನೆ ತೋರಿಸಿತು. ವೃದ್ಧರೇ ಹೆಚ್ಚಾಗಿ ಸತ್ತದ್ದಕ್ಕೆ ಇದೂ ಒಂದು ವಿವರಣೆ.

ಇಲ್ಲಿ ಸಂಖ್ಯೆಯ ಜೊತೆಗೆ ಕಾರಣವೂ ಇದೆ, ಮಾಡಬಹುದಾದ ಕೆಲಸವೂ ಇದೆ. ಹಳದಿ ಜ್ವರದ ಜೀವಂತ (ದುರ್ಬಲಗೊಳಿಸಿದ ವೈರಸ್ಸೇ ಇರುವ) ಲಸಿಕೆಯಿಂದ ತೀವ್ರ ತೊಂದರೆಗೊಳಗಾದ ಕೆಲವರಲ್ಲಿಯೂ ಇವೇ ಪ್ರತಿಕಾಯಗಳು ಪತ್ತೆಯಾಗಿವೆ. ಇಂಥವರು ಯಾರೆಂದು ಮೊದಲೇ ತಿಳಿದಿದ್ದರೆ ಆ ಲಸಿಕೆಯನ್ನು ಕೈಬಿಡಬಹುದು, ವೈರಸ್ ಸೋಂಕು ತಗುಲಿದರೆ ಚಿಕಿತ್ಸೆಯನ್ನು ಮೊದಲ ದಿನದಿಂದಲೇ ಆರಂಭಿಸಬಹುದು.