ಸೇವೆಗೂ ಅನುಮತಿ ಬೇಕು

ನಮಸ್ಕಾರ. ಶಾಂತಿಗಾಗಿ ದುಡಿಯುತ್ತೇವೆಂದು ಪರದೇಶಕ್ಕೆ ಹೊರಡುವ ಕ್ರೈಸ್ತ ಸ್ವಯಂಸೇವಕರ ಮಾತು ತೆಗೆದರೆ ಬೆಂಗಳೂರಿನಲ್ಲಿ ಕೆಲವರು ಕೈಮುಗಿಯುತ್ತಾರೆ, ಕೆಲವರು ಮತಾಂತರಕ್ಕೇ ಇರಬೇಕು ಎಂದು ಹುಬ್ಬೇರಿಸುತ್ತಾರೆ. ನಾನು ಕೇಳುವುದು ಬೇರೆ: ಇವರನ್ನು ಕರೆದವರು ಯಾರು? ಬಂದವರು ಎಷ್ಟು ಕಾಲ ಇರುತ್ತಾರೆ?

ಜರ್ಮನಿಯಲ್ಲಿ ಲೋಥಾರ್ ಕ್ರೈಸಿಗ್ ಎಂಬ ನ್ಯಾಯಾಧೀಶರಿದ್ದರು. ಅಂಗವಿಕಲರನ್ನೂ ಮನೋರೋಗಿಗಳನ್ನೂ ನಾಜಿ ಆಡಳಿತ ಗುಟ್ಟಾಗಿ ಕೊಲ್ಲಿಸುತ್ತಿದೆ ಎಂದು ತಿಳಿದಾಗ, 1940ರಲ್ಲಿ, ಪ್ರತಿಭಟಿಸಿ ಹುದ್ದೆ ಕಳೆದುಕೊಂಡವರು. ಯುದ್ಧ ಮುಗಿದು ಹದಿಮೂರು ವರ್ಷಗಳಾದ ಮೇಲೆ, 1958ರಲ್ಲಿ, ಬರ್ಲಿನ್‌ನಲ್ಲಿ ಸೇರಿದ್ದ ಪ್ರಾಟೆಸ್ಟೆಂಟ್ ಸಿನೋಡಿನ (ಚರ್ಚಿನ ಪ್ರತಿನಿಧಿಗಳ ಸಭೆಯ) ಮುಂದೆ ಅವರು ಒಂದು ಕರೆ ಇಟ್ಟರು. ನೆರವು ನೀಡುತ್ತೇವೆ ಎಂಬ ದೊಡ್ಡಸ್ತಿಕೆ ಅದರಲ್ಲಿರಲಿಲ್ಲ. ನಮ್ಮಿಂದ ಹಿಂಸೆ ಅನುಭವಿಸಿದ ಜನರೇ, ನಿಮ್ಮ ನೆಲದಲ್ಲಿ ನಮ್ಮ ಕೈಯಿಂದ ಏನಾದರೂ ಒಳ್ಳೆಯದು ಮಾಡಲು ಅನುಮತಿ ಕೊಡಿ ಎಂಬ ಬೇಡಿಕೆ ಇತ್ತು.

ಕೊಡದಿದ್ದರೆ? ಕಾಯಬೇಕು. ಕ್ರೈಸಿಗ್ ಅವರ ಮನಸ್ಸಿನಲ್ಲಿ ಮೊದಲು ಇದ್ದದ್ದು ಪೋಲೆಂಡ್, ರಷ್ಯಾ, ಇಸ್ರೇಲ್. ಶೀತಲ ಸಮರದಿಂದಾಗಿ ಮೊದಲೆರಡರ ಬಾಗಿಲು ಆಗ ತೆರೆಯಲಿಲ್ಲ. ಆ ಕರೆಗೆ ಓಗೊಟ್ಟ ಸ್ವಯಂಸೇವಕರು 1959ರಲ್ಲಿ ಹೋದದ್ದು ನಾರ್ವೆ, ನೆದರ್ಲೆಂಡ್ಸ್‌ಗಳಿಗೆ. ಎರಡು ವರ್ಷಗಳ ನಂತರ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ, ಜರ್ಮನ್ ಬಾಂಬುಗಳೇ ಕೆಡವಿದ್ದ ಕ್ಯಾಥೆಡ್ರಲ್ಲಿನ ಅವಶೇಷಗಳ ನಡುವೆ, ಜರ್ಮನ್ ಯುವಕರು ಕೆಲಸಕ್ಕಿಳಿದರು. ಯಹೂದಿಗಳ ಸಾಮೂಹಿಕ ಹತ್ಯೆಯ ಸೂತ್ರಧಾರರಲ್ಲೊಬ್ಬನಾದ ನಾಜಿ ಅಧಿಕಾರಿ ಐಖ್‌ಮನ್‌ನ ವಿಚಾರಣೆ ಇಸ್ರೇಲಿನಲ್ಲಿ ನಡೆದ ಅದೇ 1961ರಲ್ಲಿ ಒಂದು ತಂಡ ಅಲ್ಲಿಗೂ ಹೋಯಿತು. ಯಾತನಾ ಶಿಬಿರದಿಂದ ಬದುಕಿ ಬಂದ ಅಜ್ಜಿಯ ಎದುರು ಕುಳಿತ ಜರ್ಮನ್ ಹುಡುಗ ಬೈಬಲ್ ಬೋಧಿಸಲು ಬಾಯಿ ತೆರೆಯಬಲ್ಲನೇ? ಮತಾಂತರದ ಅನುಮಾನದ ಗೆಳೆಯರು ಈ ದೃಶ್ಯವನ್ನೊಮ್ಮೆ ಊಹಿಸಿಕೊಳ್ಳಲಿ. ಅಲ್ಲಿ ಅವನ ಕೆಲಸ ಕೇಳಿಸಿಕೊಳ್ಳುವುದು, ತರಕಾರಿ ತಂದುಕೊಡುವುದು, ನಾಳೆಯೂ ಬರುವುದು.

‘ನಾಳೆಯೂ’ ಎಂದೆ. ಅವಧಿಯ ಪ್ರಶ್ನೆ ಬರುವುದು ಇಲ್ಲಿಯೇ. 2008ರಲ್ಲಿ ಜರ್ಮನ್ ಸರ್ಕಾರ ಆರಂಭಿಸಿದ ‘ವೆಲ್ಟ್‌ವೆರ್ಟ್ಸ್’ ಯೋಜನೆಯಲ್ಲಿ ಹದಿನೆಂಟು ತುಂಬಿದವರು ಆರರಿಂದ ಇಪ್ಪತ್ನಾಲ್ಕು ತಿಂಗಳು ಹೊರದೇಶದಲ್ಲಿ ದುಡಿಯುತ್ತಾರೆ. ಕಳುಹಿಸುವ ಸಂಸ್ಥೆಗಳಲ್ಲಿ ಚರ್ಚುಗಳೂ ಇವೆ. ಬೆಂಗಳೂರಿಗೂ ಅಂಥವರು ಬರುತ್ತಾರೆ. ನಿಷ್ಠುರವಾಗಿ ಹೇಳಬೇಕೆಂದರೆ, ಮೊದಲ ಕೆಲವು ತಿಂಗಳು ಸೇವೆ ಮಾಡುವವರು ಆತಿಥೇಯರೇ. ಹೊಟ್ಟೆ ಕೆಟ್ಟರೆ ಔಷಧ ಕೊಡಿಸಬೇಕು, ಆಟೋದವರ ಜತೆ ಜಗಳ ಬಿಡಿಸಬೇಕು. ಆಮೇಲೆ ನಾಲ್ಕು ಮಾತು ಕನ್ನಡ ಬರುತ್ತದೆ. (ಇಪ್ಪತ್ತು ವರ್ಷ ಇಲ್ಲೇ ಇದ್ದೂ ಅಷ್ಟನ್ನೂ ಕಲಿಯದವರಿದ್ದಾರೆ, ಅದು ಬೇರೆ ಸಂಚಿಕೆಗೆ.) ಉಪಯೋಗಕ್ಕೆ ಬರುವ ದಿನಗಳು ಶುರುವಾಗುವುದೇ ಅಲ್ಲಿಂದ.

ಹಾಗಾದರೆ ಶುಲ್ಕ ಕಟ್ಟಿ ಎರಡು ವಾರ ಅನಾಥಾಲಯದಲ್ಲಿ ಆಟವಾಡಿಸಿ ಹೋಗುವುದು? ಅದು ಪ್ರವಾಸ, ಹಾಗೆಂದೇ ಕರೆಯೋಣ. ಮೊದಲೇ ಅಪ್ಪ ಅಮ್ಮನನ್ನು ಕಳೆದುಕೊಂಡ ಮಗುವಿಗೆ ಮತ್ತೆ ಮತ್ತೆ ಹೊಸ ಅಕ್ಕನನ್ನು ಕೊಟ್ಟು ಕಸಿದುಕೊಳ್ಳುವುದನ್ನು ಶಾಂತಿಕಾರ್ಯ ಎನ್ನಲು ನನ್ನಿಂದಾಗದು.

ಇನ್ನೊಂದು ತಕರಾರು ನಮ್ಮವರ ಮೇಲೆಯೇ. ಈಗ ಅದೇ ‘ವೆಲ್ಟ್‌ವೆರ್ಟ್ಸ್’ ಯೋಜನೆಯಲ್ಲಿ ನಮ್ಮಂಥ ದೇಶಗಳ ಯುವಕರೂ ಜರ್ಮನಿಗೆ ಹೋಗಿ ಸೇವೆ ಮಾಡಬಹುದು. ಆದರೆ ಮಗಳು ಒಂದು ವರ್ಷ ಅಲ್ಲಿನ ವೃದ್ಧಾಶ್ರಮದಲ್ಲಿ ದುಡಿಯುತ್ತೇನೆ ಎಂದರೆ, ಸಂಬಳವಿಲ್ಲ, ಪದವಿಯಿಲ್ಲ, ಗಂಡಿನ ಕಡೆಯವರಿಗೆ ಏನು ಹೇಳುವುದು ಎನ್ನುತ್ತೇವೆ. ಸೇವೆ ಯಾವಾಗಲೂ ಬಿಳಿಯರಿಂದ ನಮ್ಮ ಕಡೆಗೇ ಹರಿಯಬೇಕೇ? ಭಾನುವಾರದ ಆರಾಧನೆ ಮುಗಿದ ಮೇಲೆ ವಿದೇಶಿ ನೌಕರಿಯ ಪ್ರಕಟಣೆಗಳನ್ನು ಓದುವ ಪಾಸ್ಟರುಗಳು ಈ ಸೇವೆಯ ಪ್ರಕಟಣೆಯನ್ನೂ ಒಮ್ಮೆ ಓದಲಿ. ಯಾರು ಕೈ ಎತ್ತುತ್ತಾರೋ ನೋಡೋಣ.