ಪಾಸ್‌ವರ್ಡ್ ಸರಿ ಇದೆ, ಆದರೂ ಒಳಗೆ ಬಿಡುತ್ತಿಲ್ಲ

ಸ್ಕ್ರೀನ್ ನೋಡಿ. ಎಲ್ಲ ಅಧಿಕಾರ ಇರುವ ಅಕೌಂಟಿನ ಹೆಸರು, ರೂಟ್ ಅಂತ ಟೈಪ್ ಮಾಡಿದೆ, ಪಾಸ್‌ವರ್ಡ್ ಹಾಕಿದೆ, ಎಂಟರ್. ಏನೋ ಒಂದು ಸಾಲು ಮಿಂಚಿ ಮಾಯವಾಯಿತು. ಮತ್ತೆ ಅದೇ ಲಾಗಿನ್ ಪ್ರಾಂಪ್ಟ್. ನಿನ್ನೆ ರಾತ್ರಿಯಿಂದ ಯುನಿಕ್ಸ್ ಆಪರೇಟಿಂಗ್ ಸಿಸ್ಟಂನ ಈ ಹಳೇ ಮೆಷಿನ್ ಜೊತೆ ಇದೇ ಕಣ್ಣಾಮುಚ್ಚಾಲೆ.

ಮೊದಲು ಪಾಸ್‌ವರ್ಡ್ ಮೇಲೇ ಅನುಮಾನ ಬಂತು. ಸುಮ್ನೆ ಅಲ್ಲ, ಕಾರಣ ಇದೆ. ಹಳೇ ಯುನಿಕ್ಸ್‌ನಲ್ಲಿ ಹ್ಯಾಶ್ ಚಿಹ್ನೆ ಒತ್ತಿದರೆ ಹಿಂದಿನ ಅಕ್ಷರ ಅಳಿಯುತ್ತಿತ್ತು. ಅಟ್ ಚಿಹ್ನೆ ಒತ್ತಿದರೆ ಅಲ್ಲಿವರೆಗಿನ ಸಾಲೇ ಹೋಗುತ್ತಿತ್ತು. ಈಗ ನಾವು ಅಟ್ ಇಲ್ಲದ ಪಾಸ್‌ವರ್ಡ್ ಇಡುವುದೇ ಇಲ್ಲ, ಅಲ್ವಾ? ಇನ್ನೊಂದು ತಮಾಷೆ. ಪಾಸ್‌ವರ್ಡನ್ನು ಗುಟ್ಟಾಗಿಸುವ ಹಳೇ ಕ್ರಿಪ್ಟ್ ಮೊದಲ 8 ಅಕ್ಷರ ಮಾತ್ರ ನೋಡುತ್ತದೆ. ಆಮೇಲೆ ನೀವು ಏನೇ ಬರೆದರೂ ಅದಕ್ಕೆ ಲೆಕ್ಕವಿಲ್ಲ.

ಆದರೆ ಪಾಸ್‌ವರ್ಡ್ ತಪ್ಪಿದ್ದರೆ 'ಲಾಗಿನ್ ಇನ್‌ಕರೆಕ್ಟ್' ಅನ್ನಬೇಕಿತ್ತು. ಅನ್ನಲೇ ಇಲ್ಲ! ಇಷ್ಟು ಹೊಳೆಯೋಕೆ ನನಗೆ ಬೆಳಗಾಗಬೇಕಾಯಿತು.

ಸರಿ, ರಿಪೇರಿಗೆ ಅಂತಲೇ ಇರುವ ಸಿಂಗಲ್ ಯೂಸರ್ ಮೋಡ್‌ನಲ್ಲಿ ಬೂಟ್ ಮಾಡಿದೆ. ಕೆಲವು ಮೆಷಿನ್ ಇಲ್ಲೂ ರೂಟ್ ಪಾಸ್‌ವರ್ಡ್ ಕೇಳುತ್ತವೆ. ಪುಣ್ಯಕ್ಕೆ ಇದು ಕೇಳಲಿಲ್ಲ. ಆದರೆ ಡಿಸ್ಕ್ ಓದೋಕೆ ಅಷ್ಟೇ ಮೌಂಟ್ ಆಗಿರುತ್ತದೆ, ಅಂದರೆ ಜೋಡಣೆಯಾಗಿರುತ್ತದೆ, ಬರೆಯುವ ಹಾಗೆ ಮತ್ತೆ ಮೌಂಟ್ ಮಾಡಬೇಕು.

ಈಗ ಬಳಕೆದಾರರ ಪಟ್ಟಿ ಇರುವ 'ಇಟಿಸಿ ಪಾಸ್‌ವಡ್' ಫೈಲ್ ತೆಗೆಯೋಣ. ಒಬ್ಬೊಬ್ಬರಿಗೆ ಒಂದು ಸಾಲು, ಕೋಲನ್‌ಗಳ ನಡುವೆ 7 ಭಾಗ. ಹೆಸರು, ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡಿನ ಗುಟ್ಟಾಗಿಸಿದ ರೂಪ), ಯೂಸರ್ ನಂಬರ್, ಗ್ರೂಪ್ ನಂಬರ್, ಪೂರ್ತಿ ಹೆಸರು, ಹೋಮ್ ಡೈರೆಕ್ಟರಿ, ಕೊನೆಗೆ ಶೆಲ್, ಅಂದರೆ ಲಾಗಿನ್ ಆದ ಮೇಲೆ ನಮ್ಮ ಕಮಾಂಡ್ ಕೇಳುವ ಪ್ರೋಗ್ರಾಂ. ಹ್ಯಾಶ್‌ಗಳನ್ನು ಬೇರೆಯಾಗಿ ಬಚ್ಚಿಡುವ ಶ್ಯಾಡೋ ಫೈಲ್ ಇರುವ ಕಡೆ ಎರಡನೇ ಜಾಗದಲ್ಲಿ ಬರೀ ಒಂದು ಎಕ್ಸ್ ಇರುತ್ತದೆ. ಇದರಲ್ಲಿ ಹ್ಯಾಶೇ ಕೂತಿದೆ, 13 ಅಕ್ಷರ, ಯಾರು ಬೇಕಾದರೂ ಓದಬಹುದು. ಆ ಕಾಲದ ನಂಬಿಕೆ ನೋಡಿ.

ಎಲ್ಲಾ ಸರಿಯಾಗೇ ಕಾಣುತ್ತಿದೆ. ಈಗ ಫೈಲ್ ತೋರಿಸುವ ಕ್ಯಾಟ್ ಕಮಾಂಡ್‌ಗೆ ಮೈನಸ್ ವಿ ಹಾಕಿ, ಕಾಣದ ಅಕ್ಷರಗಳನ್ನೂ ನೋಡೋಣ.

ಕಂಡಿತಾ? ಪ್ರತಿ ಸಾಲಿನ ಕೊನೆಗೆ ಒಂದು ಟೋಪಿ ಗುರುತು, ಪಕ್ಕದಲ್ಲಿ ಎಂ. ಕ್ಯಾರೇಜ್ ರಿಟರ್ನ್, ವಿಂಡೋಸ್ ಸಾಲಿನ ಕೊನೆಗೆ ಸೇರಿಸುವ ಕಾಣದ ಅಕ್ಷರ! ಹೋದ ವಾರ ಈ ಫೈಲನ್ನು ವಿಂಡೋಸ್‌ನಲ್ಲಿ ತಿದ್ದಿ ವಾಪಸ್ ಹಾಕಿದ ಮಹಾನುಭಾವ ನಾನೇ. ಲಾಗಿನ್ ಪ್ರೋಗ್ರಾಂ ಪಾಸ್‌ವರ್ಡ್ ಒಪ್ಪಿಕೊಂಡು ಶೆಲ್ ಹುಡುಕಿಕೊಂಡು ಹೋಗಿದೆ. ಆದರೆ ಶೆಲ್ ಹೆಸರಿನ ಬಾಲಕ್ಕೆ ಆ ಕಾಣದ ಅಕ್ಷರ ಅಂಟಿದೆ. ಆ ಹೆಸರಿನ ಶೆಲ್ ಎಲ್ಲಿಂದ ಬರಬೇಕು?

ಮೂಲ ಫೈಲಿನ ಒಂದು ಕಾಪಿ ಇಟ್ಟುಕೊಂಡೆ. ಅಕ್ಷರ ಬದಲಿಸುವ, ಅಳಿಸುವ ಟಿಆರ್ ಕಮಾಂಡ್‌ನಿಂದ ಆ ಅಕ್ಷರ ಅಳಿಸಿ ಹೊಸ ಫೈಲ್ ಮಾಡಿದೆ, ಎರಡನ್ನೂ ಹೋಲಿಸಿ ನೋಡಿ ಜಾಗಕ್ಕೆ ಹಾಕಿದೆ. ಇನ್ನು ಮುಂದೆ ತಿದ್ದುವುದಿದ್ದರೆ ಈ ಫೈಲಿಗೆಂದೇ ಇರುವ ವಿಐಪಿಡಬ್ಲ್ಯೂ ಕಮಾಂಡ್ ಒಂದೇ. ಅದು ಫೈಲಿಗೆ ಬೀಗ ಹಾಕಿ, ಒಬ್ಬರು ತಿದ್ದುವಾಗ ಇನ್ನೊಬ್ಬರನ್ನು ತಡೆಯುತ್ತದೆ. ಬೀಗ ಯಾಕೆ ಅಂತೀರಾ? 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹಲವರು ಒಟ್ಟಿಗೆ ಬಳಸುತ್ತಿದ್ದ ಸಿಟಿಎಸ್‌ಎಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಒಬ್ಬರು ಪಾಸ್‌ವರ್ಡ್ ಫೈಲ್, ಇನ್ನೊಬ್ಬರು ಲಾಗಿನ್ ಆದಾಗ ಎಲ್ಲರಿಗೂ ಕಾಣುವ ದಿನದ ಸಂದೇಶ ಒಟ್ಟಿಗೆ ತಿದ್ದುತ್ತಿದ್ದರು. ಎಡಿಟರ್ ಇಬ್ಬರಿಗೂ ಒಂದೇ ಹೆಸರಿನ ತಾತ್ಕಾಲಿಕ ಫೈಲ್ ಬಳಸಿತು. ಎರಡೂ ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಎಲ್ಲರ ಪಾಸ್‌ವರ್ಡ್ ಕಾಣಿಸಿತು!

ರೀಬೂಟ್ ಆಯಿತು. ರೂಟ್. ಪಾಸ್‌ವರ್ಡ್. ಎಂಟರ್... ಬಂತು ನೋಡಿ, ರೂಟ್ ಒಳಗೆ ಬಂದ ಗುರುತು, ಹ್ಯಾಶ್ ಚಿಹ್ನೆಯ ಪ್ರಾಂಪ್ಟ್.