ಬನ್ನಿಯಿಂದ ಸೀಗೆ ಹುಣ್ಣಿಮೆವರೆಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಬರೆಯುವವರಿಗೆ ಒಂದು ತಾಪತ್ರಯ ಇದೆ. ದಸರೆ ಬಂತು ಅಂದರೆ ದೀಪಾವಳಿ ವಿಶೇಷಾಂಕದವರ ಫೋನ್ ಶುರು. 'ಮೇಡಂ, ಲೇಖನ ಎಲ್ಲಿಗೆ ಬಂತು?' ಲೇಖನ ಎಲ್ಲಿಗೂ ಬಂದಿರುವುದಿಲ್ಲ. ಅದೇ ಹೊತ್ತಿಗೆ ಬನ್ನಿ ಹಬ್ಬ, ತವರಿನ ಕರೆ, ಅಲ್ಲೊಂದು ಸಂಗೀತ ಕಛೇರಿ, ಇಲ್ಲೊಂದು ಪುಸ್ತಕ ಬಿಡುಗಡೆ, ಅದರ ಬೆನ್ನಿಗೇ ಸೀಗೆ ಹುಣ್ಣಿಮೆ. ದಶಮಿಗೂ ಹುಣ್ಣಿಮೆಗೂ ನಡುವೆ ಇರುವುದೇ ಐದು ದಿನ. ಈ ಸಲ ಆ ವಾರದಲ್ಲಿ ನಾನು ಬರೆದದ್ದಕ್ಕಿಂತ ಚೀಲ ತುಂಬಿ ಬಿಚ್ಚಿದ್ದೇ ಜಾಸ್ತಿ.

ಬನ್ನಿಯ ದಿನ ಧಾರವಾಡದಲ್ಲೇ ಇದ್ದೆವು. ಓಣಿಯ ಮನೆಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, 'ಬಂಗಾರದಂಗ ಇರೋಣು' ಅಂದು, ಹಿರಿಯರ ಕಾಲಿಗೆ ಬಿದ್ದು ಬಂದೆವು. ಮರುದಿನ ಸಂಜೆ ಒಂದು ಸಭಾಂಗಣದಲ್ಲಿ ಗಾಯನ ಇತ್ತು. ಆರೂವರೆಗೆ ಅಂತ ಕಾರ್ಡಿನಲ್ಲಿತ್ತು. ದೀಪ ಹಚ್ಚಿದ್ದು, ಸ್ವಾಗತ, ಶಾಲು, ಹಾರ, ಅಧ್ಯಕ್ಷರ ನಾಲ್ಕು ಮಾತು. ಆ ನಾಲ್ಕು ಮಾತು ಎಷ್ಟಿರುತ್ತವೆ ಅಂತ ನಿಮಗೆ ಗೊತ್ತೇ ಇದೆ. ಗಾಯಕರು ಕೂರುವಷ್ಟರಲ್ಲಿ ಏಳೂವರೆ ದಾಟಿತ್ತು. ಒಂದು ಬಿಹಾಗ್ ಆಯಿತು, ಚೆನ್ನಾಗಿಯೇ ಆಯಿತು. ಇನ್ನೊಂದು ರಾಗ ಎತ್ತಿಕೊಳ್ಳುವ ಹೊತ್ತಿಗೆ ಸಂಘಟಕರು ಕೈಗಡಿಯಾರ ತೋರಿಸಿದರು. ಒಂಬತ್ತಕ್ಕೆ ಭೈರವಿ, ಮಂಗಳ, ಮನೆ.

ಭೈರವಿ ಬೆಳಗಿನ ರಾಗ. ರಾತ್ರಿಯಿಡೀ ಹಾಡಿ, ಬೆಳಕು ಹರಿದಾಗ ಅದನ್ನು ಹಾಡಿ ಏಳುವುದು ಹಿಂದಿನ ರೂಢಿ. ಈಗ ರಾತ್ರಿ ಹೋಯಿತು, ಭೈರವಿ ಉಳಿಯಿತು. ನಡುರಾತ್ರಿಯ ಮಾಲಕಂಸ, ನಸುಕಿನ ಲಲಿತ, ಬೆಳಗಿನ ತೋಡಿ, ಈ ರಾಗಗಳೆಲ್ಲ ನಡುವೆ ಎಲ್ಲೋ ಬಿದ್ದುಹೋದವು.

ಮರುದಿನ ಗದಗಿಗೆ ಹೊರಟೆವು, ನಾನು ಮತ್ತು ಬೆಂಗಳೂರಿನಿಂದ ರಜೆಗೆ ಬಂದ ಮಗಳು. ಹುಬ್ಬಳ್ಳಿವರೆಗೆ ಚಿಗರಿ ಬಸ್ಸು, ಅಲ್ಲಿಂದ ರೈಲು. ಹುಬ್ಬಳ್ಳಿ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು, 1507 ಮೀಟರ್. ಹೆಮ್ಮೆಯ ಮಾತೇ ಸರಿ. ಆದರೆ ಫರಾಳದ ಡಬ್ಬಿ ಹೊತ್ತು ಹೊರಟವರ ಬೋಗಿ ಯಾವಾಗಲೂ ಆ ತುದಿಗೇ ಇರುತ್ತದೆ.

ಅಣ್ಣಿಗೇರಿ ದಾಟಿದರೆ ಎರಡೂ ಕಡೆ ಎರೆಭೂಮಿ. ಒಂದು ಹೊಲದಲ್ಲಿ ಉಳ್ಳಾಗಡ್ಡಿ ಕಿತ್ತು ರಾಶಿ ಹಾಕಿದ್ದರು, ಪಕ್ಕದ ಹೊಲದಲ್ಲಿ ಹಿಂಗಾರಿ ಜೋಳಕ್ಕೆ ಕೂರಿಗೆ ಹೂಡಿದ್ದರು. ಈ ಸೀಮೆಯ ಸಂಗೀತಕ್ಕೂ ರೈಲಿಗೂ ಹಳೆಯ ನೆಂಟಸ್ತಿಕೆ. ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ರೈಲು ಹತ್ತಿದರು. ಗ್ವಾಲಿಯರ್, ರಾಂಪುರ, ಜಲಂಧರ್ ಎಲ್ಲ ಅಲೆದರು. ಕೊನೆಗೆ ಗುರು ಸಿಕ್ಕಿದ್ದು ಹುಬ್ಬಳ್ಳಿಯ ಪಕ್ಕದ ಕುಂದಗೋಳದಲ್ಲಿ, ಸವಾಯಿ ಗಂಧರ್ವರು. ಗಂಗೂಬಾಯಿ ಹಾನಗಲ್ ಅವರೂ ಹುಬ್ಬಳ್ಳಿಯಿಂದ ರೈಲು ಹತ್ತಿ ಅದೇ ಗುರುಗಳ ಹತ್ತಿರ ಪಾಠಕ್ಕೆ ಹೋಗಿಬರುತ್ತಿದ್ದರು. ಇದನ್ನೆಲ್ಲ ಮಗಳಿಗೆ ಹೇಳಿದೆ. ಕಿವಿಯಿಂದ ಒಂದು ಇಯರ್‌ಫೋನ್ ತೆಗೆದು ಕೇಳಿದಳು. ಒಂದೇ ತೆಗೆದಿದ್ದಳು.

ಗದಗಿನಲ್ಲಿ ಇಳಿದರೆ ಅವ್ವನ ಕಟ್ಟಪ್ಪಣೆ, ಮೊದಲು ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿ ಬರಬೇಕು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರು, ಇಬ್ಬರೂ ಈಗಿನ ಹಾವೇರಿ ಜಿಲ್ಲೆಯಲ್ಲಿ ಹುಟ್ಟಿದವರು. ಅಂಧ ಮಕ್ಕಳಿಗೆ ಊಟ, ವಸತಿ, ಸಂಗೀತ ಮೂರನ್ನೂ ಕೊಟ್ಟರು. ಆಶ್ರಮ ನಡೆಸುವುದಕ್ಕೆ ಪುಟ್ಟರಾಜರು ನಾಟಕ ಬರೆದರು, ಕಂಪನಿ ಕಟ್ಟಿ ಊರೂರು ತಿರುಗಿದರು. ಅವರು 2010ರಲ್ಲಿ ತೀರಿಕೊಂಡರು. ಆ ವರ್ಷವೇ ಪದ್ಮಭೂಷಣ ಬಂದಿತ್ತು.

ನಾವು ಹೋದಾಗ ಒಬ್ಬ ಹುಡುಗ ತಂಬೂರಿ ಶ್ರುತಿ ಮಾಡುತ್ತಿದ್ದ. ಹದಿನಾಲ್ಕು ಹದಿನೈದು ಇರಬಹುದು, ಕಣ್ಣು ಕಾಣುವುದಿಲ್ಲ. ಬಿರಡೆ ತಿರುವಿದ. ಬುರುಡೆಗೆ ಕಿವಿ ಹಚ್ಚಿ ಕೇಳಿದ. ಕೆಳಗಿನ ಮಣಿಯನ್ನು ತುಸು ಸರಿಸಿದ. ಆಮೇಲೆ ತಂತಿಗಳನ್ನು ಹೊತ್ತ ಕುದುರೆಯ ಮೇಲೆ, ತಂತಿಯ ಅಡಿಗೆ ಇರುವ ನೂಲಿನ ಎಳೆಯನ್ನು ಉಗುರಿನಿಂದ ಕೂದಲೆಳೆಯಷ್ಟು ಎಳೆದ. ಅಲ್ಲಿಯತನಕ ಮೊಂಡಾಗಿದ್ದ ದನಿ ಝೇಂಕಾರ ಬಿಟ್ಟಿತು. ಮಗಳು ಎರಡನೇ ಇಯರ್‌ಫೋನನ್ನೂ ತೆಗೆದಳು. ಹುಡುಗನಿಗೆ ಮಾತ್ರ ಸಮಾಧಾನ ಇಲ್ಲ. ಇನ್ನೊಂದು ತಂತಿ ಬಾರಿಸಿ ಮುಖ ಕಿವುಚಿದ, ಮತ್ತೆ ಶುರು ಮಾಡಿದ.

ಆ ರಾತ್ರಿ ಅಣ್ಣನ ಊರಿನ ಮಠದಲ್ಲಿ ಅಹೋರಾತ್ರಿ ಸಂಗೀತ. ಮಠ ಅಂದರೆ ದೊಡ್ಡದೇನಲ್ಲ. ಒಂದು ಪಡಸಾಲೆ, ಎರಡು ಜಮಖಾನೆ, ಹಿಂದೆ ಚಹಾದ ಒಲೆ. ಊಟ ಮಾಡಿಕೊಂಡು ಮನೆಮಂದಿಯೆಲ್ಲ ಚಾದರ ಹೊದ್ದು ಬಂದು ಕೂತೆವು. ಸಣ್ಣ ಮಕ್ಕಳು ಮೊದಲನೇ ಗಾಯನಕ್ಕೇ ಮಲಗಿದವು. ನಮ್ಮ ಕಾಕಾ ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದವರು, ತಬಲಾ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದಾಗಲೆಲ್ಲ ನಿದ್ದೆಯಲ್ಲೇ ತೊಡೆ ತಟ್ಟುತ್ತಿದ್ದರು. ಒಮ್ಮೆಯೂ ತಪ್ಪಲಿಲ್ಲ.

ಮಧ್ಯರಾತ್ರಿ ಮೇಲೆ ಮಾಲಕಂಸ. ಗಾಯಕ ಮಂದ್ರದಲ್ಲೇ, ಕೆಳಗಿನ ಸ್ವರಗಳಲ್ಲೇ, ಬಹಳ ಹೊತ್ತು ಕೂತ. ಮಗಳು ಅಜ್ಜಿಯ ಕಿವಿಯಲ್ಲಿ, 'ಇಷ್ಟು ನಿಧಾನ ಹಾಡಿದರೆ ಮುಗಿಯೋದು ಯಾವಾಗ?' ಅಂದಳು. ಅವ್ವ ಅಂದಳು, 'ಮುಗದ್ರ ಎಲ್ಲಿಗೆ ಹೋಗಾಕಿ? ಮೊದಲ್ನೇ ಬಸ್ಸು ಬರೂದ ಆರಕ್ಕ.'

ನಗು ಬಂತು. ಆದರೆ ಮಾತು ನಿಜ. ಅಹೋರಾತ್ರಿ ಸಂಗೀತ ನಡೆಯುತ್ತಿದ್ದುದು ಬರೀ ಭಕ್ತಿಯಿಂದಲ್ಲ. ಹತ್ತು ಹಳ್ಳಿಯ ಜನ ಚಕ್ಕಡಿ ಕಟ್ಟಿಕೊಂಡು, ನಡೆದುಕೊಂಡು ಬರುತ್ತಿದ್ದರು. ಕತ್ತಲೆಯಲ್ಲಿ ಹೊರಳಿ ಹೋಗುವ ಹಾಗಿರಲಿಲ್ಲ. ಬೆಳಗಾಗುವ ತನಕ ಹೇಗೂ ಕೂರಬೇಕು, ಹಾಡುವವನೂ ಹೇಗೂ ಹಾಡಬೇಕು. ಹಾಗಾಗಿ ನಡುರಾತ್ರಿಯ ರಾಗಕ್ಕೂ ನಸುಕಿನ ರಾಗಕ್ಕೂ ಪಾಳಿ ಸಿಗುತ್ತಿತ್ತು. ಈಗ ಬೈಕು, ಕಾರು ಬಂದವು. ಒಂಬತ್ತೂವರೆಗೆ ಮನೆ ಮುಟ್ಟಬಹುದು. ಅದಕ್ಕೇ ಮುಟ್ಟುತ್ತೇವೆ.

ನಸುಕಿನಲ್ಲಿ ಒಬ್ಬ ಹುಡುಗಿ ಲಲಿತ ಹಾಡಿದಳು. ಅದರಲ್ಲಿ ಪಂಚಮ, ಅಂದರೆ 'ಪ' ಸ್ವರ ಇಲ್ಲ, ಎರಡೂ ಮಧ್ಯಮ, ಅಂದರೆ ಎರಡು ಬಗೆಯ 'ಮ', ಒಂದರ ಪಕ್ಕ ಒಂದು ಬರುತ್ತವೆ. ಧ್ವನಿಮುದ್ರಿಕೆಯಲ್ಲಿ ಎಷ್ಟೋ ಸಲ ಕೇಳಿದ್ದೇನೆ, ಅಡುಗೆ ಮಾಡುತ್ತಾ. ನಿದ್ದೆಗೆಟ್ಟ ಕಣ್ಣಿನಲ್ಲಿ, ಹೊರಗೆ ಎತ್ತಿನ ಗಂಟೆ ಕೇಳುತ್ತಿರುವಾಗ, ಆ ಎರಡು ಮಧ್ಯಮಗಳ ನಡುವಿನ ಜಾಗ ಬೇರೆಯೇ ಅನ್ನಿಸಿತು.

ಅಲ್ಲಿಂದ ಲಕ್ಷ್ಮೇಶ್ವರ, ಸವಣೂರು ಹಾದು ಹಾವೇರಿಗೆ, ಅಕ್ಕನ ಮನೆಗೆ. ಬಸ್ಸಿನಲ್ಲಿ ಪೂರ್ತಿ ನಿದ್ದೆ, ಹೇಳುವಂಥದ್ದೇನೂ ಇಲ್ಲ. ಸೀಗೆ ಹುಣ್ಣಿಮೆಗೆ ಅವರ ಮೆಣಸಿನ ಹೊಲಕ್ಕೆ ಹೋದೆವು. ಬೆಳೆ ಬಸುರಿ ಇದ್ದಾಳೆ, ಅವಳಿಗೆ ಬಯಕೆ ಊಟ ಹಾಕಬೇಕು ಅಂತ ಈ ಹಬ್ಬ. ಭಾವ ಮುಂದೆ ಚರಗ, ಅಂದರೆ ನೈವೇದ್ಯದ ಅಡುಗೆಯನ್ನು, ಹೊಲದಲ್ಲಿ ಚೆಲ್ಲುತ್ತಾ ಹೊರಟರು, ಹಿಂದೆ ಅಕ್ಕನ ಮಗ ನೀರು ಹನಿಸುತ್ತಾ. ಆಮೇಲೆ ಬದುವಿನ ಮೇಲೆ ಕೂತು ಎಣಗಾಯಿ, ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ. ಹೋಳಿಗೆ ಮುರಿಯುವಾಗಲೇ ಸಂಪಾದಕರ ಫೋನ್. ಭಾವ ನನ್ನ ಕೈಯಿಂದ ಫೋನ್ ಇಸಿದುಕೊಂಡು, 'ಊಟಕ್ಕ ಕುಂತಾರ್ರಿ, ನೀವೂ ಬರ್ರಿ' ಅಂದು ಇಟ್ಟುಬಿಟ್ಟರು.

ಆ ಲೇಖನ ಇನ್ನೂ ಬರೆಯಬೇಕು. ಅದಕ್ಕೆ ಮೊದಲು ಒಂದು ಮಾತನ್ನು ಇಲ್ಲಿ ಹೇಳಿಬಿಡುತ್ತೇನೆ, ಕಛೇರಿ ಮಾಡಿಸುವವರು ಕೇಳುತ್ತಿರಬಹುದು. ಇವತ್ತು ಬೆಳಗಿನ ರಾಗ ಬೆಳಿಗ್ಗೆಯೇ ಕಿವಿಗೆ ಬೀಳುವುದು ಹೆಚ್ಚಾಗಿ ರೇಡಿಯೋದಲ್ಲಿ. ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದ ಧಾರವಾಡ ಆಕಾಶವಾಣಿಯಿಂದ ಇದನ್ನು ಹೇಳುವುದಕ್ಕೆ ನನಗೆ ಸಂತೋಷವೂ ಇದೆ, ಸ್ವಲ್ಪ ಬೇಜಾರೂ ಇದೆ. ಎದುರಿಗೆ ಕೂತು ಕೇಳುವುದೇ ಬೇರೆ, ಅಲ್ವಾ? ಇಡೀ ರಾತ್ರಿ ಮಾಡಿ ಅಂತ ನಾನು ಕೇಳುವುದಿಲ್ಲ, ಮರುದಿನ ಎಲ್ಲರಿಗೂ ಆಫೀಸು ಇರುತ್ತದೆ. ಪುಣೆ, ಮುಂಬೈ ಕಡೆ ದೀಪಾವಳಿಗೆ 'ದಿವಾಳಿ ಪಹಾಟ್' ಅಂತ ನಸುಕಿನ ಕಛೇರಿ ಮಾಡುತ್ತಾರೆ, ಜನ ಹೊಸ ಸೀರೆ ಉಟ್ಟು ಬಂದು ಕೂರುತ್ತಾರೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯಲ್ಲೂ ಇಂಥ ಬೆಳಗಿನ ಕಛೇರಿ ಜಾಸ್ತಿ ಆಗಲಿ. ಐದಕ್ಕೆ ಬಾಗಿಲು ತೆಗೆಯಿರಿ. ಭಾಷಣ ಬೇಡ, ಶಾಲು ಬೇಡ. ಚಹಾ ಮತ್ತು ಅವಲಕ್ಕಿ ನಮ್ಮ ಓಣಿಯ ಹೆಣ್ಣುಮಕ್ಕಳು ಮಾಡಿಕೊಡುತ್ತೇವೆ, ನಾನು ಆಗಲೇ ಕೇಳಿಯಾಗಿದೆ.

ನಮಸ್ಕಾರ.